ಸಿಹಿ ಸಾಸ್‌ನಿಂದ ಅಳೆಯಬೇಡಿ: ಕ್ಯಾನ್ಸಸ್ ಸಿಟಿಯ ಬಾರ್ಬೆಕ್ಯೂ ಹೋಟೆಲುಗಳು

ಕ್ಯಾನ್ಸಸ್ ಸಿಟಿಗೆ ಬಂದವರು ಯಾವ ಬಾರ್ಬೆಕ್ಯೂ ಹೋಟೆಲಿಗೆ ಮೊದಲು ಹೋಗಬೇಕು ಎಂದು ಕೇಳಿದರೆ ನಾನು ಯೋಚಿಸದೆ ಆರ್ಥರ್ ಬ್ರಯಂಟ್ಸ್ ಎನ್ನುತ್ತೇನೆ. ನನ್ನ ಗಂಡನ ಉತ್ತರ ಜೋಸ್ ಎಂಬ ಹೋಟೆಲು. ನಾನು ಕೆಲಸ ಮಾಡುವ ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ಇದೇ ಊರಿನಲ್ಲಿ ಹುಟ್ಟಿ ಬೆಳೆದವರು ಗೇಟ್ಸ್ ಬಿಟ್ಟು ಬೇರೆ ಹೆಸರನ್ನು ಒಪ್ಪುವುದಿಲ್ಲ. ಅಮೆರಿಕದ ಮಿಸೌರಿ ಮತ್ತು ಕ್ಯಾನ್ಸಸ್ ಎಂಬ ಎರಡು ರಾಜ್ಯಗಳ ಗಡಿಯ ಎರಡೂ ಕಡೆ ಹರಡಿಕೊಂಡಿರುವ ಈ ಊರು ಬೇಸ್‌ಬಾಲ್, ಫುಟ್‌ಬಾಲ್ ತಂಡಗಳ ವಿಷಯದಲ್ಲಿ ಒಗ್ಗಟ್ಟಾಗಿರುತ್ತದೆ; ಹೊಗೆಯಲ್ಲಿ ಬೆಂದ ಮಾಂಸದ ವಿಷಯಕ್ಕೆ ಬಂದರೆ ಒಂದೇ ಮನೆಯೊಳಗೆ ಎರಡು ಪಕ್ಷ.

ಹೊರಗಿನವರಿಗೆ ಮಾತ್ರ ಇಂಥ ಯಾವ ಗೊಂದಲವೂ ಇಲ್ಲ. ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಎಂದರೆ ದಪ್ಪಗಿನ, ಕಂದು ಬಣ್ಣದ, ಬೆಲ್ಲದಷ್ಟು ಸಿಹಿಯಾದ ಸಾಸ್ ಎಂದು ಅವರು ತೀರ್ಮಾನಿಸಿಬಿಟ್ಟಿದ್ದಾರೆ. ಇದಕ್ಕೆ ಕಾರಣ ಅಂಗಡಿಯ ಬಾಟಲಿ. ರಿಚ್ ಡೇವಿಸ್ ಎಂಬ ಇಲ್ಲಿನ ಮನೋವೈದ್ಯರು 1977ರಲ್ಲಿ ಮಾರುಕಟ್ಟೆಗೆ ತಂದ ಸಾಸ್ ಮುಂದೆ ಕೆ.ಸಿ. ಮಾಸ್ಟರ್‌ಪೀಸ್ ಎಂಬ ಹೆಸರಿನಿಂದ ದೇಶದ ಎಲ್ಲ ಸೂಪರ್‌ಮಾರ್ಕೆಟ್‌ಗಳಿಗೂ ತಲುಪಿತು. ಟೊಮೆಟೊ ಮತ್ತು ಕಾಕಂಬಿಯ ಆ ರುಚಿಯೇ ಊರಿನ ರುಚಿಯೆಂದು ಹೆಸರಾಯಿತು. ಆದರೆ ಊರಿನ ಎರಡು ಹಳೆಯ ಹೋಟೆಲುಗಳ ಮೇಜಿನ ಮೇಲಿರುವ ಸಾಸ್ ಅಷ್ಟು ಸಿಹಿಯಾಗಿಲ್ಲ. ಒಂದರದು ಹುಳಿ, ಇನ್ನೊಂದರದು ಖಾರ. ಸಿಹಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರು ಈ ಎರಡೂ ಕಡೆ ನಿರಾಶರಾಗಿ ಹೊರಬಂದು, ಊರಿಗೆ ಮರಳಿ "ಅಂಥದ್ದೇನೂ ಇಲ್ಲ" ಎನ್ನುವುದನ್ನು ಕೇಳಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಪರೀಕ್ಷೆಯ ಕ್ರಮ ಸರಳ. ಮೊದಲ ತುತ್ತುಗಳನ್ನು ಸಾಸ್ ಇಲ್ಲದೆ ತಿನ್ನುತ್ತೇನೆ. ಸಾಸ್ ಎಂಥ ಮಾಂಸವನ್ನೂ ಮುಚ್ಚಿಹಾಕಬಲ್ಲದು. ಬರಿಯ ಮಾಂಸಕ್ಕೆ ಅಡಗಿಕೊಳ್ಳಲು ಜಾಗವಿಲ್ಲ. ಅದರಲ್ಲೂ ಬ್ರಿಸ್ಕೆಟ್‌ಗೆ. ಬ್ರಿಸ್ಕೆಟ್ ಎಂದರೆ ದನದ ಎದೆಯ ಮಾಂಸ. ದಿನವಿಡೀ ಮೈಯ ಭಾರ ಹೊತ್ತ ಸ್ನಾಯುವಾದ್ದರಿಂದ ಅದರ ತುಂಬ ಕೊಲ್ಯಾಜೆನ್ ಎಂಬ ಗಟ್ಟಿ ನಾರಿನಂಶ. ಬೇಗ ಬೇಯಿಸಿದರೆ ಚಪ್ಪಲಿಯ ತೊಗಲನ್ನು ಅಗಿದ ಹಾಗಿರುತ್ತದೆ. ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಬೆಂಕಿ ತಾಗದಂತೆ, ಹತ್ತು ಹನ್ನೆರಡು ಗಂಟೆ ಹೊಗೆಯಲ್ಲಿಟ್ಟರೆ ಆ ನಾರಿನಂಶ ಕರಗಿ ಜೆಲಾಟಿನ್ ಆಗುತ್ತದೆ. ಬಾಯಲ್ಲಿ ಅಂಟಂಟಾಗಿ ಹರಡುವ ತೇವ ಅದೇ. ನಡುವೆ ಒಂದು ಹಂತದಲ್ಲಿ, ಮಾಂಸದ ಒಳಗಿನ ಉಷ್ಣತೆ 70 ಡಿಗ್ರಿಯ ಆಸುಪಾಸಿಗೆ ಬಂದಾಗ, ಗಂಟೆಗಟ್ಟಲೆ ಮೇಲೇರುವುದೇ ಇಲ್ಲ. ಮೇಲ್ಮೈಯಿಂದ ಆವಿಯಾಗುವ ನೀರು, ಬೆವರು ನಮ್ಮ ಮೈಯನ್ನು ತಣಿಸುವಂತೆ, ಅದನ್ನು ತಣಿಸುತ್ತಿರುತ್ತದೆ. ಅವಸರಪಟ್ಟು ಬೆಂಕಿ ಏರಿಸಿದವರ ಬ್ರಿಸ್ಕೆಟ್ ಒಣಗುವುದು ಇಲ್ಲೇ. ಹಾಗಾಗಿ ಒಂದು ಚೂರು ಬ್ರಿಸ್ಕೆಟ್ ತಿಂದರೆ ಆ ಅಡುಗೆಮನೆಯವರ ತಾಳ್ಮೆ ಎಷ್ಟೆಂದು ಗೊತ್ತಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹೊಗೆಯಲ್ಲಿ ಬೆಂದ ಮಾಂಸದ ಅಂಚಿನ ಒಳಗೆ ಕಾಣುವ ಗುಲಾಬಿ ಬಣ್ಣವನ್ನು ನೋಡಿ, ಬೆಂದಿಲ್ಲವೆಂದು ತಟ್ಟೆಯನ್ನು ತಳ್ಳಿದ ನೆಂಟರಿದ್ದಾರೆ. ಕಟ್ಟಿಗೆಯ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್‌ಗೆ ಅಂಟಿಕೊಂಡಾಗ ಬರುವ ಬಣ್ಣ ಅದು. ಮಾಂಸ ಪೂರ್ತಿ ಬೆಂದಿರುತ್ತದೆ. ಅದರಿಂದ ರುಚಿ ಹೆಚ್ಚುವುದೂ ಇಲ್ಲ. ಆ ಬಣ್ಣ ನೋಡಿ ಅಂಕ ಕೊಡುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಈಗ ಬ್ರಯಂಟ್ಸ್. ಬ್ರೂಕ್ಲಿನ್ ಅವೆನ್ಯೂದಲ್ಲಿರುವ ಈ ಕಟ್ಟಡವನ್ನು ಮೊದಲ ಸಲ ನೋಡಿದವರು ಮುಂದಕ್ಕೆ ಹೋಗಿಬಿಡುವ ಸಾಧ್ಯತೆಯೇ ಹೆಚ್ಚು. ಒಳಗೆ ಸಾದಾ ಮೇಜುಗಳು, ಗೋಡೆಯ ಮೇಲೆ ಬಂದು ಹೋದ ದೊಡ್ಡವರ ಚಿತ್ರಗಳು. ಅಧ್ಯಕ್ಷ ಒಬಾಮಾ ಇಲ್ಲಿಗೆ ಬಂದದ್ದು 2014ರಲ್ಲಿ. ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಕೌಂಟರಿನ ಆಚೆಗಿರುವವರಿಗೆ ಬೇಕಾದದ್ದನ್ನು ಹೇಳಬೇಕು. ಅವರು ಬಿಳಿ ಬ್ರೆಡ್ಡಿನ ಮೇಲೆ ಮಾಂಸವನ್ನು ಕೈಯಿಂದಲೇ ಹೇರಿ, ಮೇಲೊಂದು ಬ್ರೆಡ್ ಒತ್ತಿ ಕೊಡುತ್ತಾರೆ. ಅದನ್ನು ಎರಡೂ ಕೈಯಲ್ಲಿ ಎತ್ತಿ ಕಚ್ಚುವುದು ಆಗದ ಕೆಲಸ. ಮೇಲಿನ ಮಾಂಸವನ್ನು ಮೊದಲು ಬಿಡಿಸಿ ತಿಂದು, ರಸ ಹೀರಿದ ಬ್ರೆಡ್ಡನ್ನು ಕೊನೆಗೆ ಉಳಿಸಿಕೊಳ್ಳಿ.

ಇದು ಊರಿನ ಮೂಲಕ್ಕೆ ನೇರವಾಗಿ ತಲುಪುವ ಅಂಗಡಿ. ಟೆನೆಸೀ ರಾಜ್ಯದ ಮೆಂಫಿಸ್ ಸಮೀಪದಿಂದ ಬಂದ ಹೆನ್ರಿ ಪೆರಿ ಎಂಬ ಕಪ್ಪು ಜನಾಂಗದ ಅಡುಗೆಯವರು 1908ರ ಹೊತ್ತಿಗೆ ಇಲ್ಲಿನ ಬಟ್ಟೆ ಕಾರ್ಖಾನೆಗಳ ಬೀದಿಯಲ್ಲಿ, ಓಣಿಯೊಂದರ ಗಾಡಿಯಿಂದ, ಹೊಗೆಯಲ್ಲಿ ಬೇಯಿಸಿದ ಮಾಂಸವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕೆಲಸಗಾರರಿಗೆ ಮಾರುತ್ತಿದ್ದರು. ಊರಿನಲ್ಲಿ 1871ರಿಂದ ಜಾನುವಾರು ಮಾರುಕಟ್ಟೆಯಿತ್ತು. ರೈಲಿನಲ್ಲಿ ದನ, ಹಂದಿ, ಕುರಿಗಳು ಬಂದಿಳಿಯುತ್ತಿದ್ದವು. ಸಿರಿವಂತರು ಮುಟ್ಟದ ಗಟ್ಟಿ ಭಾಗಗಳು ಅಗ್ಗಕ್ಕೆ ಸಿಗುತ್ತಿದ್ದವು, ಮಿಸೌರಿಯ ಕಾಡುಗಳಲ್ಲಿ ಹಿಕರಿ ಮತ್ತು ಓಕ್ ಕಟ್ಟಿಗೆಗೆ ಬರವಿರಲಿಲ್ಲ. ಪೆರಿ ಅವರು 1940ರಲ್ಲಿ ತೀರಿಕೊಂಡ ಮೇಲೆ ಅವರ ಬಳಿ ಕೆಲಸ ಕಲಿತ ಚಾರ್ಲಿ ಬ್ರಯಂಟ್ ವ್ಯಾಪಾರ ವಹಿಸಿಕೊಂಡರು. 1946ರಲ್ಲಿ ಅದು ಅವರ ತಮ್ಮ ಆರ್ಥರ್ ಕೈಗೆ ಬಂತು. ಪೆರಿಯವರ ಸಾಸ್ ಬಾಯಿ ಸುಡುವಷ್ಟು ಖಾರವಿತ್ತಂತೆ. ಆರ್ಥರ್ ಅದನ್ನು ಸ್ವಲ್ಪ ಹದಕ್ಕೆ ತಂದರು, ಆದರೆ ಸಿಹಿಯ ಕಡೆಗೆ ಎಳೆಯಲಿಲ್ಲ.

ಆ ಸಾಸ್‌ಗಾಗಿಯೇ ನಾನು ಈ ಹೋಟೆಲಿನ ಪಕ್ಷ. ಕಿತ್ತಳೆ ಬಣ್ಣ, ನಾಲಿಗೆಗೆ ಪುಡಿಪುಡಿಯಾಗಿ ತಾಗುವ ಪ್ಯಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ, ಮೂಗಿಗೆ ಮೊದಲೇ ಏರುವ ವಿನೆಗರ್. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಹುಟ್ಟಿದ ನನಗೆ ಅದನ್ನು ಮೊದಲು ಸವಿದಾಗ ಅಮ್ಮನ ಹಂದಿ ಬಫಾತ್ ನೆನಪಾಯಿತು: ಕೊಬ್ಬಿನ ಜಿಡ್ಡನ್ನು ಹುಳಿ ಕತ್ತರಿಸಿ, ಹಿಂದಿನಿಂದ ಮಸಾಲೆ ಬಂದು ನಿಲ್ಲುವ ಅದೇ ಬಗೆ. ಕೊಬ್ಬಿರುವ ಮಾಂಸಕ್ಕೆ ಸಿಹಿ ಸೇರಿಸಿದರೆ ನಾಲ್ಕು ತುತ್ತಿಗೆ ಬಾಯಿ ಕಟ್ಟುತ್ತದೆ. ಹುಳಿ ಸೇರಿಸಿದರೆ ಐದನೆಯ ತುತ್ತಿಗೂ ಮೊದಲಿನ ಹಸಿವು ಉಳಿದಿರುತ್ತದೆ. ಸಿಹಿ ಬೇಕೇ ಬೇಕೆನ್ನುವವರಿಗೆ ಈಗ ಬೇರೆ ಬಗೆಯ ಸಾಸ್‌ಗಳನ್ನೂ ಇಟ್ಟಿದ್ದಾರೆ. ಬಂದವರು ಅದನ್ನು ಮೊದಲು ಸುರಿದುಕೊಳ್ಳದಂತೆ ನಾನು ತಡೆಯುತ್ತೇನೆ.

ಬರ್ನ್ಟ್ ಎಂಡ್ಸ್ ಎಂಬ ತಿನಿಸು ಊರಿನ ಹೆಗ್ಗುರುತಾಗಲು ಕಾರಣವಾದದ್ದೂ ಇದೇ ಕೌಂಟರ್. ಬ್ರಿಸ್ಕೆಟ್ ಹೋಳು ಮಾಡುವಾಗ ಉದುರುವ ಕಪ್ಪಗಾದ, ಗರಿಗರಿಯಾದ ಅಂಚಿನ ಚೂರುಗಳನ್ನು ಒಂದು ಕಡೆ ತಳ್ಳಿಡುತ್ತಿದ್ದರು. ಸಾಲಿನಲ್ಲಿ ಕಾಯುವವರು ಪುಕ್ಕಟೆಯಾಗಿ ತೆಗೆದುಕೊಂಡು ತಿನ್ನಬಹುದಿತ್ತು. ಈಗ ಅದು ಎಲ್ಲ ಕಡೆ ಹಣ ಕೊಟ್ಟು ಕೊಳ್ಳುವ ತಿನಿಸು. ಉದುರಿದ ಚೂರುಗಳಿಂದ ಅಷ್ಟೊಂದು ಬೇಡಿಕೆ ಪೂರೈಸಲು ಆಗುವುದಿಲ್ಲವಾದ್ದರಿಂದ, ಬ್ರಿಸ್ಕೆಟ್‌ನ ಕೊಬ್ಬು ಹೆಚ್ಚಿರುವ ತುದಿಯನ್ನು ಚೌಕಚೌಕವಾಗಿ ಕತ್ತರಿಸಿ, ಮತ್ತೆ ಹೊಗೆಗೆ ಇಟ್ಟು ತಯಾರಿಸುವುದು ಇಂದಿನ ರೂಢಿ. ಅದರಿಂದ ತುಂಡುಗಳು ಒಂದೇ ಅಳತೆಯಲ್ಲಿ ಅಂದವಾಗಿ ಕಾಣುತ್ತವೆ. ನನಗೆ ಅಂದಕ್ಕಿಂತ ಆ ಹಳೆಯ ಏರುಪೇರು ಇಷ್ಟ: ಒಂದು ಚೂರು ಕಲ್ಲಿನಂತೆ, ಪಕ್ಕದ್ದು ಬೆಣ್ಣೆಯಂತೆ.

ಗೇಟ್ಸ್‌ನ ಬಾಗಿಲು ತೆರೆಯುವ ಮೊದಲೇ ನಿಮಗೆ ಏನು ಬೇಕೆಂದು ನಿರ್ಧರಿಸಿಕೊಂಡಿರಿ. ಒಳಗೆ ಕಾಲಿಟ್ಟ ಕ್ಷಣ ಕೌಂಟರಿನ ಹಿಂದಿನಿಂದ "ನಮಸ್ಕಾರ, ಏನು ಬೇಕು?" ಎಂಬ ಅರ್ಥದ ಕೂಗು ಬರುತ್ತದೆ. ಗದರಿಸಿದರೆಂದು ಹೊಸಬರು ಬೆಚ್ಚುತ್ತಾರೆ. ಅದು ಅಲ್ಲಿನ ಸ್ವಾಗತ. ಎಲ್ಲ ಶಾಖೆಗಳಲ್ಲೂ ಹಾಗೆಯೇ. ಸಾಲು ಸರಸರನೆ ಮುಂದೆ ಸಾಗುವುದೂ ಅದರಿಂದಲೇ. ಜಾರ್ಜ್ ಗೇಟ್ಸ್ 1946ರಲ್ಲಿ ಇದನ್ನು ತೆರೆದಾಗ ಪಿಟ್, ಅಂದರೆ ಮಾಂಸ ಬೇಯಿಸುವ ಹೊಗೆಗೂಡು, ನೋಡಿಕೊಳ್ಳಲು ಸಿಕ್ಕವರು ಆರ್ಥರ್ ಪಿಂಕರ್ಡ್. ಅವರೂ ಹೆನ್ರಿ ಪೆರಿಯವರ ಬಳಿ ದುಡಿದವರೇ. ಊರಿನ ಎರಡು ದೊಡ್ಡ ಹೆಸರುಗಳು ಒಬ್ಬನೇ ಗುರುವಿನ ಎರಡು ಶಿಷ್ಯ ಪರಂಪರೆಗಳು ಎಂದು ತಿಳಿದ ಮೇಲೆ, ಎರಡೂ ಕಡೆಯ ತಟ್ಟೆಗಳನ್ನು ಬೇರೆ ಗಮನದಿಂದ ನೋಡತೊಡಗಿದೆ.

ಗೇಟ್ಸ್‌ನಲ್ಲಿ ರಿಬ್ಸ್ ತಿನ್ನಿ. ಬೇರೆ ಏನನ್ನೂ ಯೋಚಿಸಬೇಡಿ. ಹಂದಿಯ ಪಕ್ಕೆಲುಬುಗಳನ್ನು ಇಲ್ಲಿ ಶಾರ್ಟ್ ಎಂಡ್, ಲಾಂಗ್ ಎಂಡ್ ಎಂದು ಬೇರೆಬೇರೆಯಾಗಿ ಕೊಡುತ್ತಾರೆ. ಮೊದಲನೆಯದರಲ್ಲಿ ಎಲುಬು ಗಿಡ್ಡ, ಮಾಂಸ ಹೆಚ್ಚು. ಎರಡನೆಯದರಲ್ಲಿ ಎಲುಬು ಉದ್ದ. ನನ್ನದು ಶಾರ್ಟ್ ಎಂಡ್. ಕಚ್ಚಿದಾಗ ಮಾಂಸ ಎಲುಬಿನಿಂದ ತಾನಾಗಿ ಕಳಚಿ ಬೀಳುವುದನ್ನು ದೊಡ್ಡ ಗುಣವೆಂದು ಹೊಗಳುವವರಿದ್ದಾರೆ. ಸ್ಪರ್ಧೆಗಳ ತೀರ್ಪುಗಾರರು ಅದನ್ನು ಅತಿಯಾಗಿ ಬೆಂದದ್ದು ಎಂದು ಲೆಕ್ಕ ಹಾಕುತ್ತಾರೆ, ನಾನೂ ಹಾಗೆಯೇ. ಹಲ್ಲಿನ ಗುರುತು ಮಾಂಸದಲ್ಲಿ ಉಳಿಯಬೇಕು, ಎಳೆದಾಗ ಚೂರೇ ಚೂರು ಬಿಗಿ ಇರಬೇಕು. ಗೇಟ್ಸ್‌ನ ರಿಬ್ಸ್‌ನಲ್ಲಿ ಆ ಬಿಗಿ ಇದೆ. ಸಾಸ್ ಟೊಮೆಟೊದ್ದೇ, ಆದರೆ ಖಾರ ಮುಂದೆ, ಸಿಹಿ ಹಿಂದೆ. ಗೆಣಸಿನ ಪೈ ಸಿಕ್ಕರೆ ಬಿಡಬೇಡಿ.

ಜೋಸ್ ಬಗ್ಗೆ ಗಂಡನ ಎದುರು ಎಚ್ಚರದಿಂದ ಮಾತನಾಡಬೇಕು. ಅದು ಗಡಿಯ ಆಚೆ, ಕ್ಯಾನ್ಸಸ್ ರಾಜ್ಯದ ಕಡೆಗಿರುವ ಪೆಟ್ರೋಲ್ ಬಂಕ್ ಒಂದರೊಳಗೆ 1996ರಲ್ಲಿ ಶುರುವಾದ ಹೋಟೆಲು. ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ ಗೆದ್ದು ಹೆಸರು ಮಾಡಿದ್ದ ಜೆಫ್ ಮತ್ತು ಜಾಯ್ ಸ್ಟೀನಿ ದಂಪತಿಯದು. ಮೊದಲು ಒಕ್ಲಹೋಮಾ ಜೋಸ್ ಎಂಬ ಹೆಸರಿತ್ತು. 2014ರಲ್ಲಿ ಈಗಿನ ಹೆಸರು ಬಂತು. ಹೊರಗೆ ಕಾರುಗಳಿಗೆ ಪೆಟ್ರೋಲ್ ತುಂಬಿಸುತ್ತಿರುತ್ತಾರೆ, ಪಕ್ಕದಲ್ಲೇ ಊಟಕ್ಕೆ ಬಂದವರ ಸಾಲು ಬಾಗಿಲು ದಾಟಿ ಗೋಡೆಗುಂಟ ನಿಂತಿರುತ್ತದೆ. ಮಧ್ಯಾಹ್ನದ ಊಟದ ಗದ್ದಲ ಕಳೆದ ಮೇಲೆ, ಸಂಜೆಗೆ ಮೊದಲು ಹೋದರೆ ಕಾಯುವುದು ಕಡಿಮೆ. ಬೇರೆ ಬಡಾವಣೆಗಳಲ್ಲಿ ಶಾಖೆಗಳಿವೆ, ಅಲ್ಲಿ ಕುಳಿತುಕೊಳ್ಳಲು ಜಾಗವೂ ಹೆಚ್ಚು. ಆದರೂ ಮೊದಲ ಭೇಟಿ ಪೆಟ್ರೋಲ್ ಬಂಕಿನಲ್ಲಿಯೇ ಆಗಲಿ.

ಇಲ್ಲಿನ ಹೆಗ್ಗಳಿಕೆ ಝೀ-ಮ್ಯಾನ್ ಎಂಬ ಸ್ಯಾಂಡ್‌ವಿಚ್. ತೆಳುವಾಗಿ ಹೆಚ್ಚಿದ ಬ್ರಿಸ್ಕೆಟ್, ಕರಗಿದ ಪ್ರೊವೊಲೋನ್ ಚೀಸ್, ಮೇಲೆ ಗರಿಗರಿ ಈರುಳ್ಳಿ ಬಳೆಗಳು, ಎಲ್ಲ ಸೇರಿ ಒಂದು ದುಂಡನೆಯ ಬನ್ನಿನೊಳಗೆ. ಬರೀ ಆಡಂಬರ ಎನ್ನಿಸಬಹುದು. ಆದರೆ ಮೃದು, ಜಿಡ್ಡು, ಗರಿ, ಹೊಗೆ ಎಲ್ಲವೂ ಒಂದೇ ಕಚ್ಚಿಗೆ ಅಷ್ಟು ಸರಿಯಾದ ಪ್ರಮಾಣದಲ್ಲಿ ಬರುವಂತೆ ಜೋಡಿಸಿದ ತಿನಿಸು ಈ ಊರಿನಲ್ಲಿ ಇನ್ನೊಂದಿಲ್ಲ. ಮಿಸೌರಿಯ ಬಿಳಿ ಓಕ್ ಕಟ್ಟಿಗೆಯ ಹೊಗೆ ಹಿಕರಿಗಿಂತ ಮೆದು. ಮಾಂಸದ ರುಚಿ ಅದರಡಿ ಹೂತುಹೋಗುವುದಿಲ್ಲ. ಬ್ರಿಸ್ಕೆಟ್ ಒಂದನ್ನೇ ಅಳೆದರೆ ಜೋಸ್ ಮೇಲು, ಇದನ್ನು ನಾನು ಒಪ್ಪುತ್ತೇನೆ. ಪ್ರತಿ ಸಲವೂ ಅದೇ ಹದ, ಅದೇ ತೇವ. ಬ್ರಯಂಟ್ಸ್‌ನಲ್ಲಿ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ವ್ಯತ್ಯಾಸವಿರುತ್ತದೆ. ಪ್ರಯೋಗಾಲಯದಲ್ಲಿ ದುಡಿಯುವ ನಾನು ಒಂದೇ ಫಲಿತಾಂಶ ಮರಳಿ ಮರಳಿ ಬರುವುದರ ಬೆಲೆ ಬಲ್ಲೆ. ಊಟದಲ್ಲಿ ಮಾತ್ರ ನನ್ನ ಆಯ್ಕೆ ಬೇರೆ.

ಅಪ್ಪ ಅಮ್ಮ ಊರಿನಿಂದ ಬಂದಾಗ ಕರೆದುಕೊಂಡು ಹೋಗಲು ಜ್ಯಾಕ್ ಸ್ಟ್ಯಾಕ್ ಸರಿ. ಟ್ರೇ ಹಿಡಿದು ನಿಲ್ಲುವುದಿಲ್ಲ, ಮೇಜಿಗೇ ಬಂದು ಬಡಿಸುತ್ತಾರೆ, ಗದ್ದಲವಿಲ್ಲದೆ ಮಾತನಾಡಬಹುದು. ಫಿಯೊರೆಲ್ಲಾ ಕುಟುಂಬದ ಈ ವ್ಯಾಪಾರ ಶುರುವಾದದ್ದು 1957ರಲ್ಲಿ. ಯೂನಿಯನ್ ರೈಲು ನಿಲ್ದಾಣದ ಹಿಂದೆ, ಹಳಿಗಳ ಆಚೆಗಿರುವ ಹಳೆಯ ಸರಕು ಗೋದಾಮಿನಲ್ಲಿರುವ ಶಾಖೆ ನನಗೆ ಹೆಚ್ಚು ಇಷ್ಟ. ನಿಲ್ದಾಣದಿಂದ ಕಾಲುಸೇತುವೆಯ ಮೇಲೆ ನಡೆದೇ ಹೋಗಬಹುದು. ಅಲ್ಲಿನ ದೊಡ್ಡ ದನದ ರಿಬ್ಸ್‌ಗೆ ಹೆಸರಿದೆ. ನನ್ನ ಮನಸ್ಸು ಹೋಗುವುದು ಕುರಿಯ ರಿಬ್ಸ್‌ಗೆ: ಹಿಕರಿ ಹೊಗೆ ಕುರಿಮಾಂಸದ ಗಾಢ ವಾಸನೆಗೆ ಸರಿಸಮನಾಗಿ ನಿಲ್ಲುತ್ತದೆ. ಬೆಲೆ ಇತರ ಕಡೆಗಿಂತ ಏರು, ಆದರೆ ಸೇವೆಯೂ ಹಾಗೆಯೇ ಇದೆ.

ಕ್ಯೂ 39 ಈ ಸಾಲಿನಲ್ಲಿ ಕಿರಿಯದು. ಹೋಟೆಲ್ ಅಡುಗೆಯಲ್ಲಿ ಪಳಗಿದ್ದ, ಸ್ಪರ್ಧೆಗಳಲ್ಲೂ ಭಾಗವಹಿಸುತ್ತಿದ್ದ ರಾಬ್ ಮಗೀ 2014ರಲ್ಲಿ 39ನೇ ಬೀದಿಯಲ್ಲಿ ತೆರೆದದ್ದು. ಅವರು 2021ರಲ್ಲಿ ತೀರಿಕೊಂಡರು, ಹೋಟೆಲು ನಡೆಯುತ್ತಿದೆ. ಸ್ಪರ್ಧೆಯ ತಟ್ಟೆಯ ಅಚ್ಚುಕಟ್ಟು ಅಲ್ಲಿನ ಪ್ರತಿ ತುಂಡಿನಲ್ಲೂ ಇದೆ. ಗೆಳೆಯರ ಗುಂಪಿನೊಂದಿಗೆ ಸಂಜೆ ಕಳೆಯಲು ಒಳ್ಳೆಯ ಜಾಗ.

ಹೆಸರು ಹೇಳದೆ ಒಂದು ಹೋಟೆಲಿನ ವಿಷಯ ಬರೆಯಲೇಬೇಕು, ಇಂಥವು ಎಲ್ಲೆಡೆಯೂ ಇವೆ. ಶಾಪಿಂಗ್ ಕೇಂದ್ರದ ಪಕ್ಕದಲ್ಲಿರುವ, ಮರದ ಗೋಡೆಗೆ ಹಳೆಯ ಫಲಕಗಳನ್ನು ನೇತುಹಾಕಿದ ಜಾಗ. ಸಾಸ್ ಬೇರೆ ಕೊಡಿ ಎಂದೆ. ಅಡುಗೆಮನೆಯಿಂದಲೇ ಸುರಿದು ಬರುತ್ತದೆ, ಬೇರೆ ಮಾಡಲಾಗುವುದಿಲ್ಲ ಎಂದರು. ಸಾಸ್ ಒರೆಸಿ ನೋಡಿದರೆ ಬೂದು ಬಣ್ಣದ ಮಾಂಸ, ಹೊರಗೆ ಕರಿ ಪದರವೇ ಇಲ್ಲ, ಹಬೆಯ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುಳಿತ ವಾಸನೆ. ಹೊಗೆಯ ಸುಳಿವು ಸಾಸ್‌ನಲ್ಲಿ ಮಾತ್ರ ಇತ್ತು. ಆ ಹಣ ಹೋದದ್ದಕ್ಕಿಂತ, ಪಕ್ಕದ ಮೇಜಿನಲ್ಲಿದ್ದ ಪ್ರವಾಸಿ ಕುಟುಂಬವೊಂದು ಇದೇ ಕ್ಯಾನ್ಸಸ್ ಸಿಟಿಯ ರುಚಿಯೆಂದು ಚಿತ್ರ ತೆಗೆದುಕೊಳ್ಳುತ್ತಿದ್ದುದು ನನ್ನನ್ನು ಕೆರಳಿಸಿತು. ಹಾಗಾಗಿ ಯಾವ ಹೊಸ ಹೋಟೆಲಿಗೆ ಹೋದರೂ ಮೊದಲು ಕಟ್ಟಡದ ಹಿಂಭಾಗ ನೋಡಿ. ಕಟ್ಟಿಗೆಯ ರಾಶಿ ಇದೆಯೇ? ಗಾಳಿಯಲ್ಲಿ ಹೊಗೆಯ ವಾಸನೆ ಇದೆಯೇ? ಸಾಸ್ ಬೇರೆ ಕೊಡಲು ಹಿಂಜರಿದರೆ ಅಲ್ಲಿಂದಲೇ ಎದ್ದು ಬನ್ನಿ.

ದನದ ಮಾಂಸ ತಿನ್ನದ ನಮ್ಮವರಿಗೂ ಇಲ್ಲಿ ಬೇಕಾದಷ್ಟಿದೆ. ಹಂದಿಯ ರಿಬ್ಸ್, ಟರ್ಕಿ, ಕೋಳಿ ಎಲ್ಲ ಕಡೆ ಸಿಗುತ್ತವೆ. ಟರ್ಕಿ ಒಣಗದಂತೆ ಬೇಯಿಸುವುದೂ ಸಣ್ಣ ಕೆಲಸವಲ್ಲ. ಒಂದೇ ಹಲಗೆಯ ಮೇಲೆ ಒಂದೇ ಚೂರಿಯಿಂದ ಎಲ್ಲವನ್ನೂ ಹೆಚ್ಚುತ್ತಾರೆ ಎನ್ನುವುದು ನೆನಪಿರಲಿ. ಕಟ್ಟುನಿಟ್ಟಾಗಿ ಪಾಲಿಸುವವರು ಮೊದಲೇ ಹೇಳಿ ಕೇಳಿಕೊಳ್ಳಬೇಕು. ಸಸ್ಯಾಹಾರಿಗಳನ್ನು ಕರೆದುಕೊಂಡು ಹೋಗುವವರು ಇನ್ನೂ ಹೆಚ್ಚು ಎಚ್ಚರ ವಹಿಸಿ. ಬೀನ್ಸ್ ಎಂದರೆ ನಮ್ಮವರು ತರಕಾರಿಯೆಂದು ಕಣ್ಣು ಮುಚ್ಚಿ ಹೇಳಿಬಿಡುತ್ತಾರೆ, ಆದರೆ ಈ ಊರಿನ ಬೇಯಿಸಿದ ಬೀನ್ಸ್‌ನಲ್ಲಿ ಬ್ರಿಸ್ಕೆಟ್ ಚೂರುಗಳು ಬೀಳುವುದು ಸಾಮಾನ್ಯ. ಆಲೂಗಡ್ಡೆಯನ್ನು ಯಾವ ಎಣ್ಣೆಯಲ್ಲಿ ಕರಿಯುತ್ತಾರೆಂದೂ ವಿಚಾರಿಸಿ. ಹಂದಿಯ ಕೊಬ್ಬಿನಲ್ಲಿ ಕರಿಯುವ ಹಳೆಯ ಪದ್ಧತಿ ಇಲ್ಲಿದೆ. ಚೀಸ್ ಹಾಕಿ ಬೇಯಿಸಿದ ಜೋಳಕ್ಕೆ ಜ್ಯಾಕ್ ಸ್ಟ್ಯಾಕ್ ಹೆಸರುವಾಸಿ, ಆದರೆ ಅದರಲ್ಲೂ ಹಂದಿಮಾಂಸ ಸೇರಿದೆಯೇ ಎಂದು ಕೇಳಿ ತಿಳಿದೇ ತಟ್ಟೆಗೆ ಹಾಕಿಸಿಕೊಳ್ಳಿ. ಜೋಸ್‌ನಲ್ಲಿ ಝೀ-ಮ್ಯಾನ್ ಸ್ಯಾಂಡ್‌ವಿಚ್‌ನ್ನು ಬ್ರಿಸ್ಕೆಟ್ ಬದಲು ದೊಡ್ಡ ಪೋರ್ಟೊಬೆಲ್ಲೊ ಅಣಬೆ ಇಟ್ಟು ಮಾಡುತ್ತಾರೆ. ಮಾಂಸ ಮುಟ್ಟದ ನನ್ನ ಗೆಳತಿಯೊಬ್ಬಳು ಅದನ್ನು ಎರಡನೆಯ ಸಲ ತಾನಾಗಿಯೇ ಕೇಳಿ ತರಿಸಿಕೊಂಡಳು.

ಒಂದೇ ದಿನ ಇರುವವರು ಮಧ್ಯಾಹ್ನ ಬ್ರಯಂಟ್ಸ್‌ಗೆ ಹೋಗಿ. ಹತ್ತಿರದಲ್ಲೇ 18ನೇ ಬೀದಿ ಮತ್ತು ವೈನ್ ಬೀದಿ ಕೂಡುವಲ್ಲಿ ಜಾಝ್ ಸಂಗ್ರಹಾಲಯವೂ ಹಿಂದೆ ಕಪ್ಪು ಜನಾಂಗದ ಆಟಗಾರರಿಗಾಗಿ ಇದ್ದ ನೀಗ್ರೋ ಲೀಗ್ಸ್‌ನ ಬೇಸ್‌ಬಾಲ್ ಸಂಗ್ರಹಾಲಯವೂ ಇವೆ. ಅವುಗಳನ್ನು ನೋಡುತ್ತ ನಡೆದಾಡಿದರೆ ಸಂಜೆಯ ಹೊತ್ತಿಗೆ ಗೇಟ್ಸ್‌ನ ರಿಬ್ಸ್‌ಗೆ ಹೊಟ್ಟೆಯಲ್ಲಿ ಜಾಗವಾಗುತ್ತದೆ. ಎರಡನೆಯ ದಿನವೂ ಇದ್ದರೆ ಜೋಸ್. ಕಟ್ಟಿಸಿಕೊಂಡು ಹೋಗುವುದಾದರೆ ಬ್ರಿಸ್ಕೆಟ್‌ನ್ನು ಹೋಳು ಮಾಡಿಸಬೇಡಿ, ಇಡೀ ತುಂಡಾಗಿಯೇ ಕೇಳಿ. ಹೋಳು ಮಾಡಿದ ಮಾಂಸ ದಾರಿಯಲ್ಲೇ ಒಣಗುತ್ತದೆ. ಮನೆಯಲ್ಲಿ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, ಒಂದೆರಡು ಚಮಚ ನೀರು ಚಿಮುಕಿಸಿ, ಓವನ್‌ನಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ತಿನ್ನುವ ಹೊತ್ತಿಗೆ ನಾರಿಗೆ ಅಡ್ಡಲಾಗಿ ಹೆಚ್ಚಿಕೊಳ್ಳಿ. ಬ್ರಯಂಟ್ಸ್‌ನ ಸಾಸ್ ಬಾಟಲಿಯಲ್ಲಿಯೂ ಸಿಗುತ್ತದೆ; ಮಸಾಲೆ ತಳಕ್ಕೆ ಕೂರುತ್ತದೆ, ಚೆನ್ನಾಗಿ ಕುಲುಕಿ ಸುರಿಯಿರಿ.